ಓದಿ ಹೇಳುವವಳು

ನಲವತ್ತೊಂದು ವರ್ಷ
ಪೈಸಂದೂ ಊರಿನ ನೋಟರಿ ನಾನು.
ಹೊಲ ಮಾರುವವನಿಗೆ, ಕೊಳ್ಳುವವನಿಗೆ,
ಕಣ್ಣು ಮಂಜಾದ ವಿಧವೆಗೆ, ಕಿವುಡ ದನದ ವ್ಯಾಪಾರಿಗೆ
ಪತ್ರವನ್ನು ಮೊದಲಿಂದ ಕೊನೆತನಕ ಗಟ್ಟಿಯಾಗಿ ಓದಿ
"ತಿಳಿಯಿತೇ?" ಎಂದು ಕೇಳಿ,
ಮುಖ ನೋಡಿ,
ಆಮೇಲೆ ಪೆನ್ನು ಕೊಟ್ಟವಳು.
ತಲೆಯಾಡಿಸಿದರೆ ಸಾಲದು, ಬಾಯಿಬಿಟ್ಟು ಹೇಳಬೇಕು.
ಅದು ನನ್ನ ಕಚೇರಿಯ ನೇಮ.

ಜುಲೈ ರಜೆ. ನದಿಯ ಕಡೆಯಿಂದ ಚಳಿ.
ಮೊಮ್ಮಗಳು ಹಿಮೇನಾ, ಹನ್ನೊಂದು ದಾಟಿ ಮೂರು ತಿಂಗಳು,
ಫೋನು ಹಿಡಿದು ಬಂದಳು:
"ಅಜ್ಜೀ, ಒಂದು ಬೆರಳು ಬೇಕು,
ದೊಡ್ಡವರದು."

ಕ್ಲಾಸಿನವರೆಲ್ಲ ಇದ್ದಾರಂತೆ ಅಲ್ಲಿ.
ಫೌಸ್ತೋ ಇದ್ದಾನೆ, ಅವನ ನಾಯಿಯೂ ಇದೆ,
ನಾಯಿಯ ವಯಸ್ಸು ಇಪ್ಪತ್ತೆರಡು ಅಂತ ಬರೆದರೆ
ಯಾರೂ ಬೇಡವೆನ್ನಲಿಲ್ಲವಂತೆ.
ತನ್ನದನ್ನೂ ತುಸು ಹಿಂದಕ್ಕೆ ತಳ್ಳಿದರಾಯಿತು,
ಹೀಗೆ, ಅಂತ ವರ್ಷಗಳನ್ನು ಬೆರಳಿನಿಂದ ಉರುಳಿಸಿದಳು.
ಗಾಣದ ಹಾಗೆ ತಿರುಗಿ ಅದು
ಅವಳಮ್ಮ ಇನ್ನೂ ಹೈಸ್ಕೂಲಿನಲ್ಲಿದ್ದ ವರ್ಷಕ್ಕೆ ಬಂದು ನಿಂತಿತು.

"ಓದಿದೆಯಾ?"
"ಯಾರು ಓದ್ತಾರೆ ಅಜ್ಜೀ?"

ನಾನು ಓದುತ್ತೇನೆ.

ಕನ್ನಡಕ ಒರೆಸಿದೆ. ಸೋರೆಬುರುಡೆಗೆ ಎಲೆ ತುಂಬಿ ಬಿಸಿನೀರು ಹೊಯ್ದೆ.
ಒಂದನೇ ಕಲಮು. ಎರಡನೇ ಕಲಮು.
ಕಚೇರಿಯ ದನಿಯಲ್ಲೇ, ಅಲ್ಪವಿರಾಮಕ್ಕೂ ಅದರ ಪಾಲು ಕೊಟ್ಟು.
ಮೊದಲು ನಕ್ಕಳು.
ಆಮೇಲೆ ಜಮಖಾನದ ದಾರ ಕೀಳುತ್ತ ಕೂತಳು.
ಏಳರಲ್ಲಿ ಆಕಳಿಕೆ.
ಹದಿನಾಲ್ಕರಲ್ಲಿ ನಾನೇ ಎಡವಿದೆ:
ಹಿಂತೆಗೆಯಲಾಗದ, ವರ್ಗಾಯಿಸಬಲ್ಲ, ಲೋಕವ್ಯಾಪಿ ಪರವಾನಗಿ.

"ಹಾಗಂದ್ರೆ?"

ಹಾಗಂದರೆ, ಮಗೂ,
ನೀನು ಫೌಸ್ತೋಗೆ ಒಂದು ಗೋಲಿ ಕೊಡುತ್ತೀ ಅಂದುಕೋ.
ಗೋಲಿ ನಿನ್ನದೇ. ನಿನ್ನ ಜೇಬಲ್ಲೇ ಇದೆ.
ಆದರೂ ಅವನು ಅದನ್ನು ಆಡಬಹುದು, ಬಣ್ಣ ಬಳಿಯಬಹುದು,
ಕಂಡಕಂಡವರಿಗೆ ಹಂಚಬಹುದು.

"ನನ್ನ ಜೇಬಲ್ಲೇ ಇದ್ದರೆ ಅವನು ಹೇಗೆ ಆಡ್ತಾನೆ?"

ನನ್ನೆದುರು ಕೂತ ಯಾವ ಜಮೀನ್ದಾರನೂ
ಇಂಥದ್ದು ಕೇಳಿದವನಲ್ಲ.
ಜಮೀನಿಗಾದರೆ ಚೆಕ್ಕುಬಂದಿ ಉಂಟು:
ಪಡುವಲಿಗೆ ನದಿ, ಮೂಡಲಿಗೆ ಎಚೆಗರಾಯ್‌ರವರ ಬೇಲಿ,
ತೆಂಕಲಿಗೆ ತುಕ್ಕು ಹಿಡಿದ ರೈಲುಹಳಿ.
ಮುಖಕ್ಕೆ ಏನು ಬರೆಯಲಿ?
ನಗುವಿನ ಬಡಗಲಿಗೆ ಯಾರಿದ್ದಾರೆ?

ಆಗ ಕೇಳಿದಳು, ದಾರ ಕೀಳುವುದು ಬಿಡದೆ:
"ನಾನು ಅಳ್ತಿರೋ ಫೋಟೋ.
ತಲೆ ಪಾತ್ರೆಯಲ್ಲಿ ಸಿಕ್ಕಿಹಾಕಿಕೊಂಡಿದ್ದು.
ನೀನೇ ಹಾಕಿದ್ದಲ್ವಾ?
ಫೌಸ್ತೋ ಹುಡುಕಿ ಎಲ್ಲರಿಗೂ ತೋರಿಸಿದ.
ಅದಕ್ಕೆ ಯಾರು ಓದಿ ಹೇಳಿದ್ರು ನಂಗೆ?"

ಎಂಬತ್ತಾರು ಹೃದಯ ಬಿದ್ದಿದ್ದವು ಅದಕ್ಕೆ.
ಎರಡು ವರ್ಷದ ಕೂಸು, ಅಲ್ಯುಮಿನಿಯಂ ಪಾತ್ರೆಯೊಳಗಿಂದ
ಕೂಗುತ್ತಿತ್ತು ನನ್ನನ್ನೇ.
ಪಾತ್ರೆ ತೆಗೆಯುವ ಮೊದಲು
ಫೋಟೋ ತೆಗೆದೆ.
ಹೊಸ ಫೋನು, ಏನೇನೋ ಕೇಳುತ್ತಿತ್ತು:
ಒಪ್ಪಿದೆ, ಒಪ್ಪಿದೆ, ಮುಂದೆ, ಒಪ್ಪಿದೆ.
ಓದಲಿಲ್ಲ.
ಓದುವುದೇ ಕಸುಬಾದವಳು,
ಒಂದು ಸಾಲು ಓದಲಿಲ್ಲ.

ಅಳಿಸಲೇ, ಎಂದು ಅವಳನ್ನು ಕೇಳಿದೆ.
ಅವಳೇ ಒತ್ತಿದಳು.
ಪೂರ್ತಿ ಹೋಗಲು ತೊಂಬತ್ತು ದಿನ ಎಂದಿತು ತೆರೆ;
ಬೇರೆಯವರು ಒಯ್ದಿಟ್ಟುಕೊಂಡದ್ದರ ಬಗ್ಗೆ
ಏನೂ ಅನ್ನಲಿಲ್ಲ.

ಆ ರಾತ್ರಿ ಮಾತಿಲ್ಲ.
ಬೆಳಿಗ್ಗೆ ಬ್ರೆಡ್ಡಿಗೆ ಸಿಹಿ ಖೋವಾ ಸವರುತ್ತ,
ಚಾಕು ನೆಕ್ಕಿ, ಎದುರಿನ ಕುರ್ಚಿ ಎಳೆದು ಕೂತಳು.
"ಮೊದಲಿಂದ ಓದು.
ನಂದಲ್ಲ. ನೀನು ಒಪ್ಪಿದ್ದು.
ನಾನು ಕೇಳ್ತೀನಿ."

ಓದಿದೆ. ಹದಿನಾಲ್ಕಕ್ಕೆ ಬಂದಾಗ
ಎದುರಿನಿಂದ ನನ್ನದೇ ದನಿ:
"ತಿಳಿಯಿತೇ?"

ತಲೆಯಾಡಿಸಿದೆ.

"ಬಾಯಿಬಿಟ್ಟು ಹೇಳಬೇಕು," ಅಂದಳು.